ಸರಪಣಿ ಗರಗಸದ ಪಾಲನೆ

ಪೀಠಿಕೆ

ಮರವನ್ನು ಕೊಯ್ಯುವ ಕೆಲಸವು ನಮ್ಮ ಜನರಿಗೆ ಹೊಸದಲ್ಲ. ಗುಂಡಿಯ ಮೇಲೆ ದಿಮ್ಮಿಯನ್ನು ಅಡ್ಡವಿಟ್ಟು, ಒಬ್ಬನು ಮೇಲೆಯೂ ಇನ್ನೊಬ್ಬನು ಕೆಳಗೂ ನಿಂತು, ಉದ್ದನೆಯ ಎಳೆಗರಗಸವನ್ನು ಹಗಲೆಲ್ಲ ಎಳೆದು ಹಲಗೆಗಳನ್ನು ಸೀಳುತ್ತಿದ್ದ ಕಾಲವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ಗರಗಸವು ಈಗ ಅಟ್ಟವನ್ನೇರಿದೆ. ಕಾಸರಗೋಡಿನ ಕಡೆಯ ತೋಟದ ಮನೆಗಳಲ್ಲಿ ಅದರ ಸ್ಥಾನವನ್ನು ಪೆಟ್ರೋಲಿನಿಂದ ನಡೆಯುವ ಸರಪಣಿ ಗರಗಸವು ಹಿಡಿದಿದೆ. ಪೇಟೆಯಲ್ಲಿ ಇದನ್ನು ಚೈನ್ ಸಾ ಎನ್ನುವರು. ಗಾಳಿಮಳೆಗೆ ಬುಡಮೇಲಾದ ಹಲಸು, ಸುಳಿ ಕೊಳೆತ ತೆಂಗು, ಹಾಲು ಬತ್ತಿದ ರಬ್ಬರು, ದಾರಿಗಡ್ಡ ಬಿದ್ದ ಮಾವಿನ ಕೊಂಬೆ ಇವುಗಳನ್ನು ಗಳಿಗೆಯೊಳಗೆ ತುಂಡರಿಸಿ ಕೊಡುವ ಈ ಸಾಧನವು ರೈತನಿಗೆ ಬಲು ಉಪಕಾರಿ. ನಮ್ಮ ವಿದ್ಯಾರ್ಥಿಗಳ ತಂದೆಯರಲ್ಲಿ ಕೆಲವರಿಗೆ ಇದೇ ಜೀವನೋಪಾಯವೂ ಆಗಿದೆ.

ಆದರೆ ಯಂತ್ರವನ್ನು ಕೊಂಡವರು ಬಹಳ; ಅದನ್ನು ಅರಿತವರು ಕಡಮೆ. ಹಲ್ಲು ಮೊಂಡಾದ ಗರಗಸವನ್ನು ಮೈಬಲದಿಂದ ಒತ್ತಿ ಕೊಯ್ಯುವುದು, ಎಣ್ಣೆ ಬೆರೆಸದ ಪೆಟ್ರೋಲನ್ನು ಹೊಯ್ದು ಎಂಜಿನನ್ನು ಸುಡುವುದು, ಮಳೆಗಾಲವೆಲ್ಲ ಕೊಟ್ಟಿಗೆಯ ಮೂಲೆಯಲ್ಲಿ ಬಿಸುಟು ಮಾರ್ಗಶಿರದಲ್ಲಿ ಹಗ್ಗ ಎಳೆದು ಎಳೆದು ಸೋಲುವುದು, ಇವೆಲ್ಲ ಎಲ್ಲೆಡೆಯೂ ಕಾಣತಕ್ಕ ಸಂಗತಿಗಳು. ಇವುಗಳಿಂದ ಹಣ ನಷ್ಟವಾಗುವುದು ಒಂದು ಮಾತು. ಕೈಕಾಲುಗಳಿಗೆ, ಕೆಲವೊಮ್ಮೆ ಪ್ರಾಣಕ್ಕೇ ಅಪಾಯವಾಗುವುದು ಅದಕ್ಕಿಂತ ದೊಡ್ಡ ಮಾತು.

ಇನ್ನೊಂದು ಕಾರಣದಿಂದಲೂ ಈ ವಿಷಯವನ್ನು ಈ ವರ್ಷದ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಯಂತ್ರಗಳೊಡನೆ ಬರುವ ಕೈಪಿಡಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಯಂತ್ರದ ವಿಷಯವನ್ನು ಕನ್ನಡದಲ್ಲಿ ಹೇಳಲಾಗದೆಂದೂ, ಆದುದರಿಂದ ಕನ್ನಡ ಶಾಲೆಯಲ್ಲಿ ಓದಿದ ಹುಡುಗನು ಇಂತಹ ವಿದ್ಯೆಗಳಲ್ಲಿ ಹಿಂದುಳಿಯುವನೆಂದೂ ಕೆಲವು ಪೋಷಕರು ಅಂಜುವುದುಂಟು. ಗಡಿಯ ಈಚೆಗಿರುವ ನಮಗೆ ಆ ಅಂಜಿಕೆಯು ಇನ್ನೂ ತೀಕ್ಷ್ಣವಾಗಿದೆ. ಅದಕ್ಕೆ ವಾದದಿಂದ ಉತ್ತರ ಕೊಡುವುದಕ್ಕಿಂತ ಒಂದು ಯಂತ್ರವನ್ನು ಕನ್ನಡದಲ್ಲಿಯೇ ಬಿಚ್ಚಿ ತೋರಿಸುವುದು ಲೇಸೆಂದು ನಮ್ಮ ಭಾವನೆ. ಎಂಟನೆಯ ತರಗತಿಯ ಭೌತಶಾಸ್ತ್ರವೂ ಐದನೆಯ ತರಗತಿಯ ತ್ರೈರಾಶಿಯೂ ತಿಳಿದವನಿಗೆ ಇಲ್ಲಿ ಅರ್ಥವಾಗದ ಅಂಶ ಒಂದೂ ಇಲ್ಲ.

ಮೊದಲಿಗೆ ಒಂದು ಎಚ್ಚರಿಕೆ. ಹದಿನೆಂಟು ವರ್ಷ ತುಂಬದ ಯಾವ ವಿದ್ಯಾರ್ಥಿಯೂ ಈ ಗರಗಸವನ್ನು ನಡೆಸಕೂಡದು. ಎಂಜಿನ್ ತಣಿದಿರುವಾಗ, ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಿತ್ತಿಟ್ಟಿರುವಾಗ, ಹಿರಿಯರ ಎದುರಿನಲ್ಲಿ ಅದನ್ನು ಶುಚಿಗೊಳಿಸುವುದು, ಅರ ಹಾಕುವುದನ್ನು ಕಲಿಯುವುದು, ಭಾಗಗಳನ್ನು ಗುರುತಿಸುವುದು, ಇಷ್ಟಕ್ಕೆ ಮಾತ್ರ ಅವರ ಅಧಿಕಾರ.

೧. ಈ ಯಂತ್ರದ ಪೂರ್ವವೃತ್ತಾಂತ

ಸರಪಣಿಗೆ ಹಲ್ಲು ಕೂಡಿಸಿ ಕೊಯ್ಯುವ ಯೋಚನೆಯು ಮೊದಲು ಮೂಡಿದುದು ಮರಕ್ಕಾಗಿ ಅಲ್ಲ, ಮೂಳೆಗಾಗಿ. ಜರ್ಮನಿಯ ಬರ್ನಾರ್ಡ್ ಹೈನೆ ಎಂಬವರು ೧೮೩೦ರ ಸುಮಾರಿಗೆ ಶಸ್ತ್ರವೈದ್ಯರ ಉಪಯೋಗಕ್ಕೆಂದು ಕೈಯಿಂದ ತಿರುಗಿಸುವ ಒಂದು ಸಣ್ಣ ಸರಪಣಿ ಗರಗಸವನ್ನು ರಚಿಸಿದರು. ಸುಮಾರು ನೂರು ವರ್ಷಗಳ ತರುವಾಯ, ೧೯೨೬ರಲ್ಲಿ, ಅದೇ ದೇಶದ ಆಂಡ್ರಿಯಾಸ್ ಸ್ಟೀಲ್ ಎಂಬ ಎಂಜಿನಿಯರರು ಮರ ಕೊಯ್ಯುವ ವಿದ್ಯುತ್ ಸರಪಣಿ ಗರಗಸವನ್ನೂ, ೧೯೨೯ರಲ್ಲಿ ಪೆಟ್ರೋಲಿನ ಗರಗಸವನ್ನೂ ಹೊರತಂದರು. ಆಗಿನ ಯಂತ್ರಗಳನ್ನು ಎತ್ತಲು ಇಬ್ಬರು ಆಳುಗಳು ಬೇಕಾಗುತ್ತಿದ್ದರು.

ಆದರೆ ಅಂದಿನ ಸರಪಣಿಯ ಹಲ್ಲುಗಳು ಕೈಗರಗಸದ ಹಲ್ಲುಗಳಂತೆ ಮರವನ್ನು ಗೀಚುತ್ತಿದ್ದುವೇ ಹೊರತು ಚೆನ್ನಾಗಿ ಕೊಯ್ಯುತ್ತಿರಲಿಲ್ಲ; ಬೇಗನೆ ಮೊಂಡಾಗುತ್ತಲೂ ಇದ್ದುವು. ಈ ಕೊರತೆಯನ್ನು ನೀಗಿದವರು ಅಮೆರಿಕದ ಆರಿಗಾನ್ ಸಂಸ್ಥಾನದ ಜೋಸೆಫ್ ಕಾಕ್ಸ್. ಅವರು ೧೯೪೬ರಲ್ಲಿ ಸೌದೆ ಒಡೆಯುತ್ತಿದ್ದಾಗ, ಕೊರಡಿನೊಳಗೆ ಮರವನ್ನು ತಿನ್ನುವ ಒಂದು ದುಂಬಿಯ ಹುಳುವನ್ನು ಕಂಡರು. ಬೆರಳಿನಷ್ಟು ಗಾತ್ರದ ಆ ಹುಳುವು ನಾರಿನ ನೇರಕ್ಕೂ ಅಡ್ಡಕ್ಕೂ ಸಲೀಸಾಗಿ ಮರವನ್ನು ಕೊರೆಯುತ್ತಿತ್ತು. ಅದರ ದವಡೆಗಳು ಎಡಕ್ಕೊಂದು ಬಲಕ್ಕೊಂದು ಬಾಗಿದ ಕೊಕ್ಕೆಗಳಂತಿದ್ದುವು. ಕಾಕ್ಸರು ಅದೇ ಆಕಾರವನ್ನು ಉಕ್ಕಿನಲ್ಲಿ ಅನುಕರಿಸಿ, ಎಡಬಲಗಳಿಗೆ ಸರದಿಯಂತೆ ಬಾಗಿದ ಹಲ್ಲುಗಳುಳ್ಳ ಸರಪಣಿಯನ್ನು ತಮ್ಮ ಮನೆಯ ನೆಲಮಾಳಿಗೆಯ ಕಮ್ಮಟದಲ್ಲಿ ಮಾಡಿ ೧೯೪೭ರಲ್ಲಿ ಮಾರಾಟಕ್ಕೆ ತಂದರು. ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ ಸರಪಣಿಗಳು ಬಹುತೇಕ ಈ ಹುಳುವಿನ ದವಡೆಯ ಸಂತತಿಯೇ. ಮಕ್ಕಳೇ, ಕಣ್ಣು ತೆರೆದು ನೋಡುವವನಿಗೆ ಸೌದೆಯ ರಾಶಿಯೂ ಒಂದು ಪಾಠಶಾಲೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

೨. ಯಂತ್ರವು ನಡೆಯುವ ಬಗೆ

ಸರಪಣಿ ಗರಗಸದಲ್ಲಿ ಎರಡು ಪಾಲುಗಳಿವೆ: ಬಲವನ್ನು ಹುಟ್ಟಿಸುವ ಎಂಜಿನ್ ಒಂದು, ಆ ಬಲದಿಂದ ಕೊಯ್ಯುವ ಸರಪಣಿ ಮತ್ತು ಅದು ಓಡುವ ಬಾರ್ ಎಂಬ ಉಕ್ಕಿನ ಪಟ್ಟಿ ಇನ್ನೊಂದು.

ಎಂಜಿನ್ ಸಾಮಾನ್ಯವಾಗಿ ಎರಡು ಹೊಡೆತದ ಜಾತಿಯದು. ನಾಲ್ಕು ಹೊಡೆತದ ಎಂಜಿನಿನಲ್ಲಿ ಅಚ್ಚು ಎರಡು ಸುತ್ತು ತಿರುಗುವಷ್ಟರಲ್ಲಿ ಒಂದು ಸಲ ಮಾತ್ರ ಇಂಧನವು ಉರಿದು ಬಲ ಕೊಡುತ್ತದೆ. ಎರಡು ಹೊಡೆತದ ಎಂಜಿನಿನಲ್ಲಿ ಪ್ರತಿಯೊಂದು ಸುತ್ತಿಗೂ ಒಂದು ಸಲ ಉರಿಯುತ್ತದೆ. ಆದುದರಿಂದಲೇ ಹಗುರವಾದ ಮೈಯಲ್ಲಿ ಇಷ್ಟು ಬಲ. ಈ ಎಂಜಿನಿಗೆ ಎಣ್ಣೆಯ ಪ್ರತ್ಯೇಕ ತೊಟ್ಟಿ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಪಿಸ್ಟನ್ನನ್ನೂ ಬೇರಿಂಗುಗಳನ್ನೂ ನೆನೆಸಿ, ಸವೆಯದಂತೆ ಕಾಯುತ್ತದೆ. ಎಣ್ಣೆಯಿಲ್ಲದ ಪೆಟ್ರೋಲನ್ನು ಹಾಕಿ ನಡೆಸಿದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವುದೇಕೆ ಎಂಬುದು ಇದರಿಂದ ತಿಳಿಯುತ್ತದೆ.

ಎಂಜಿನಿಗೂ ಸರಪಣಿಗೂ ನಡುವೆ ಕ್ಲಚ್ ಇದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಕ್ಲಚ್ಚಿನ ತುಂಡುಗಳನ್ನು ಸ್ಪ್ರಿಂಗುಗಳು ಒಳಕ್ಕೆ ಹಿಡಿದಿರುತ್ತವೆ, ಸರಪಣಿ ನಿಂತಿರುತ್ತದೆ. ವೇಗ ಏರಿದಂತೆ ಕೇಂದ್ರಾಪಗಾಮಿ ಬಲದಿಂದ ಆ ತುಂಡುಗಳು ಹೊರಕ್ಕೆ ಚಿಮ್ಮಿ ಸುತ್ತಲಿನ ಡೋಲನ್ನು ಒತ್ತುತ್ತವೆ. ಡೋಲಿಗೆ ಕೂಡಿದ ಸ್ಪ್ರಾಕೆಟ್ ಎಂಬ ಹಲ್ಲುಗಾಲಿಯು ತಿರುಗಿ ಸರಪಣಿಯನ್ನು ಎಳೆಯುತ್ತದೆ. ಕವಣೆ ಬೀಸಿದವನಿಗೆ ಈ ಬಲವನ್ನು ಬೇರೆ ವಿವರಿಸಬೇಕಿಲ್ಲ.

ಸರಪಣಿಯ ವೇಗವನ್ನು ಲೆಕ್ಕ ಹಾಕೋಣ. ಸರಪಣಿಯ ಪಿಚ್ ಎಂದರೆ ಒಂದರ ಮುಂದೊಂದಿರುವ ಮೂರು ರಿವೆಟುಗಳ ಒಟ್ಟು ದೂರದ ಅರ್ಧ. ೩/೮ ಅಂಗುಲದ ಸರಪಣಿಯಲ್ಲಿ ಅದು ೯.೫೨೫ ಮಿಲ್ಲಿಮೀಟರು. ಏಳು ಹಲ್ಲುಗಳ ಸ್ಪ್ರಾಕೆಟ್ ಒಂದು ಸುತ್ತು ತಿರುಗಿದರೆ ಸರಪಣಿಯು ೭ × ೨ × ೯.೫೨೫, ಅಂದರೆ ಸುಮಾರು ೧೩೩ ಮಿಲ್ಲಿಮೀಟರು ಮುಂದೆ ಹೋಗುತ್ತದೆ. ಎಂಜಿನ್ ನಿಮಿಷಕ್ಕೆ ೯,೦೦೦ ಸುತ್ತು, ಎಂದರೆ ಸೆಕೆಂಡಿಗೆ ೧೫೦ ಸುತ್ತು ತಿರುಗುವಾಗ ಸರಪಣಿಯ ವೇಗ ಸೆಕೆಂಡಿಗೆ ಸುಮಾರು ೨೦ ಮೀಟರು. ಗಂಟೆಗೆ ೭೨ ಕಿಲೋಮೀಟರು. ಮನುಷ್ಯನಿಗೆ ಅಪಾಯವನ್ನು ಕಂಡು ಕೈ ಹಿಂತೆಗೆಯಲು ಸೆಕೆಂಡಿನ ಐದನೆಯ ಒಂದು ಪಾಲಾದರೂ ಬೇಕು. ಅಷ್ಟರಲ್ಲಿ ೪ ಮೀಟರು ಉದ್ದದ ಹಲ್ಲುಸಾಲು ಅವನ ಮುಂದೆ ಹಾದುಹೋಗಿರುತ್ತದೆ. ಕೈಚಳಕದಿಂದ ತಪ್ಪಿಸಿಕೊಳ್ಳುವೆನೆಂಬವನು ಈ ಲೆಕ್ಕವನ್ನು ಒಂದು ಸಲ ಮಾಡಿ ನೋಡಲಿ.

೩. ಮನೆಯ ಕಮ್ಮಟ

ದುರಸ್ತಿಗೆ ದೊಡ್ಡ ಕಾರ್ಖಾನೆ ಬೇಕಿಲ್ಲ. ಜಗಲಿಯ ಒಂದು ತುದಿಯಲ್ಲಿ ಬೆಳಕು ಬೀಳುವ ಕಡೆ ಗಟ್ಟಿಯಾದ ಮೇಜು, ಅದಕ್ಕೆ ಬಿಗಿದ ಒಂದು ವೈಸ್, ಸರಪಣಿಗೆ ತಕ್ಕ ದುಂಡು ಅರ, ಒಂದು ಚಪ್ಪಟೆ ಅರ, ಆಳವನ್ನು ಅಳೆಯುವ ತಗಡು, ಪ್ಲಗ್ಗಿನ ಸ್ಪ್ಯಾನರು, ತಿರುಪುಳಿ, ಹಳೆಯ ಹಲ್ಲುಜ್ಜುವ ಕುಂಚ, ಬಟ್ಟೆ, ಬಿಚ್ಚಿದ ತಿರುಪುಗಳನ್ನು ಹಾಕಲು ಒಂದು ತಟ್ಟೆ, ದಪ್ಪನೆಯ ಕೈಗವಸು ಇಷ್ಟಿದ್ದರೆ ಸಾಕು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಸಾಲಾಗಿ ಇಡುವುದನ್ನು ಅಭ್ಯಾಸಮಾಡಬೇಕು. ಕೂಡಿಸುವಾಗ ಬಲದಿಂದ ಎಡಕ್ಕೆ ಬಂದರೆ ಯಾವುದೂ ತಪ್ಪದು.

ಮೂರು ನಿಷೇಧಗಳನ್ನು ಗೋಡೆಯ ಮೇಲೆ ಬರೆದಿಡತಕ್ಕದ್ದು. ಒಂದು: ಪೆಟ್ರೋಲಿನ ಬಳಿ ದೀಪ, ಬೀಡಿ, ಒಲೆ ಕೂಡದು, ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲವನ್ನು ಹಿಡಿದು ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲುದು. ಎರಡು: ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನನ್ನು ನಡೆಸಕೂಡದು, ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಬಣ್ಣವೂ ವಾಸನೆಯೂ ಇಲ್ಲದ ವಿಷ. ಮೂರು: ಪೆಟ್ರೋಲನ್ನಾಗಲಿ ಎಣ್ಣೆಯನ್ನಾಗಲಿ ನೀರಿನ ಅಥವಾ ಷರಬತ್ತಿನ ಬಾಟಲಿಗಳಲ್ಲಿ ಇಡಕೂಡದು. ಬಾಯಾರಿ ಬಂದ ಮಗುವು ಬಾಟಲಿಯ ಆಕಾರವನ್ನು ನೋಡುತ್ತದೆಯೇ ಹೊರತು ಒಳಗಿನ ವಸ್ತುವನ್ನಲ್ಲ. ತಾಯಂದಿರು ಈ ಮೂರನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ವಿನಂತಿ.

೪. ಇಂಧನ

ಹೆಚ್ಚಿನ ಗರಗಸಗಳಿಗೆ ೫೦ ಪಾಲು ಪೆಟ್ರೋಲಿಗೆ ೧ ಪಾಲು ಎಣ್ಣೆಯಂತೆ ಬೆರೆಸಬೇಕು. ತಮ್ಮ ಯಂತ್ರದ ಪ್ರಮಾಣವನ್ನು ಕೈಪಿಡಿಯಲ್ಲಿ ನೋಡಿ ನಿಶ್ಚಯಿಸಿಕೊಳ್ಳತಕ್ಕದ್ದು. ೧ ಲೀಟರು ಎಂದರೆ ೧,೦೦೦ ಮಿಲ್ಲಿಲೀಟರು. ಅದನ್ನು ೫೦ರಿಂದ ಭಾಗಿಸಿದರೆ ೨೦. ಆದುದರಿಂದ ಲೀಟರಿಗೆ ೨೦ ಮಿಲ್ಲಿಲೀಟರು ಎಣ್ಣೆ. ಮುಕ್ಕಾಲು ಲೀಟರಿಗೆ ೧೫. ಎರಡು ಲೀಟರಿಗೆ ೪೦. ಔಷಧಿ ಅಳೆಯುವ ಗೆರೆಯುಳ್ಳ ಸಣ್ಣ ಲೋಟವನ್ನು ಇದಕ್ಕೇ ಮೀಸಲಾಗಿಟ್ಟರೆ ಕಣ್ಣಂದಾಜಿನ ಕಷ್ಟವಿಲ್ಲ. ಎಣ್ಣೆಯು ಎರಡು ಹೊಡೆತದ, ಗಾಳಿಯಿಂದ ತಣಿಯುವ ಎಂಜಿನುಗಳಿಗೆಂದು ಮಾಡಿದುದೇ ಆಗಿರಬೇಕು. ಎಣ್ಣೆ ಕಡಮೆಯಾದರೆ ಪಿಸ್ಟನ್ ಸುಡುತ್ತದೆ. ಹೆಚ್ಚಾದರೆ ಹೊಗೆ ಎದ್ದು ಪ್ಲಗ್ಗಿಗೂ ಸೈಲೆನ್ಸರಿಗೂ ಮಸಿ ಕಟ್ಟುತ್ತದೆ.

ಈಗ ನಮ್ಮ ದೇಶದಲ್ಲಿ ದೊರೆಯುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ ೨೦ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುವ ವಸ್ತು. ಸಾಕಷ್ಟು ನೀರನ್ನು ಹೀರಿದ ಮೇಲೆ ಅದು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಆ ತಳದ ಪದರದಲ್ಲಿ ಎಣ್ಣೆಯ ರಕ್ಷಣೆ ಇರದು. ಅದಲ್ಲದೆ ಎಥನಾಲ್ ಹಳೆಯ ರಬ್ಬರಿನ ನಳಿಗೆಗಳನ್ನೂ ಕಾರ್ಬ್ಯುರೇಟರಿನ ಪೊರೆಗಳನ್ನೂ ಗಡುಸುಮಾಡುತ್ತದೆ. ಆಷಾಢ ಶ್ರಾವಣಗಳಲ್ಲಿ ಉಪ್ಪೂ ಬೆಲ್ಲವೂ ನೀರೊಡೆಯುವ ನಮ್ಮ ಊರುಗಳಲ್ಲಿ ಇದನ್ನು ಮರೆಯಲಾಗದು. ಆದುದರಿಂದ ಬೇಕಾದಷ್ಟನ್ನೇ ಬೆರೆಸಿ, ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು, ತಿಂಗಳೊಳಗೆ ಮುಗಿಸುವುದು ಕ್ಷೇಮ. ಹೊಯ್ಯುವ ಮುನ್ನ ಡಬ್ಬಿಯನ್ನು ಕುಲುಕಬೇಕು. ಮುಚ್ಚಳದ ಸುತ್ತಲಿನ ಮರದ ಹುಡಿಯನ್ನು ಒರಸಬೇಕು.

೫. ಉಸಿರು ಮತ್ತು ಕಿಡಿ

ಎಂಜಿನಿಗೆ ಗಾಳಿಯೇ ಉಸಿರು. ಮರದ ಹುಡಿಯಿಂದ ಗಾಳಿಯ ಸೋಸುಕವು ಮುಚ್ಚಿಹೋದರೆ ಪೆಟ್ರೋಲಿನ ಪಾಲು ಹೆಚ್ಚಾಗಿ, ಕರಿ ಹೊಗೆ ಬಂದು, ಬಲ ಕುಂದುತ್ತದೆ. ದಿನದ ಕೆಲಸ ಮುಗಿದೊಡನೆ ಅದನ್ನು ನೋಡುವುದು ಒಳ್ಳೆಯದು. ತೆಗೆಯುವ ಮುನ್ನ ಚೋಕನ್ನು ಮುಚ್ಚಿಕೊಂಡರೆ ಹುಡಿಯು ಕಾರ್ಬ್ಯುರೇಟರಿನೊಳಗೆ ಬೀಳದು. ಸೋಸುಕವನ್ನು ಮೆಲ್ಲನೆ ತಟ್ಟಿ, ಕುಂಚದಿಂದ ಒರಸಿ, ತೊಳೆಯಬಹುದಾದ ಜಾತಿಯದಾದರೆ ಉಗುರು ಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಪೂರ್ಣವಾಗಿ ಒಣಗಿಸಿ ಕೂಡಿಸಬೇಕು. ಹರಿದ ಸೋಸುಕವನ್ನು ಬಳಸುವುದಕ್ಕಿಂತ ಒಂದು ದಿನ ಕೆಲಸ ನಿಲ್ಲಿಸುವುದು ಲಾಭಕರ. ಸಿಲಿಂಡರಿನ ಸುತ್ತಲಿನ ರೆಕ್ಕೆಗಳ ಸಂದುಗಳಲ್ಲಿ ತುಂಬಿದ ಹುಡಿಯನ್ನೂ ತೆಗೆಯಬೇಕು. ಅವುಗಳ ನಡುವೆ ಬೀಸುವ ಗಾಳಿಯಿಂದಲೇ ಎಂಜಿನ್ ತಣಿಯುವುದಷ್ಟೆ.

ಸ್ಪಾರ್ಕ್ ಪ್ಲಗ್ಗು ಎಂಜಿನಿನ ನಾಲಗೆಯಿದ್ದಂತೆ. ವೈದ್ಯನು ನಾಲಗೆಯನ್ನು ನೋಡಿ ರೋಗವನ್ನು ಊಹಿಸುವಂತೆ ಪ್ಲಗ್ಗಿನ ಬಣ್ಣದಿಂದ ಎಂಜಿನಿನ ಆರೋಗ್ಯವನ್ನು ತಿಳಿಯಬಹುದು. ತೆಳುಕಂದು ಬಣ್ಣ ಆರೋಗ್ಯದ ಗುರುತು. ಕರಿಮಸಿಯಿದ್ದರೆ ಪೆಟ್ರೋಲು ಅಥವಾ ಎಣ್ಣೆ ಹೆಚ್ಚು, ಇಲ್ಲವೆ ಸೋಸುಕ ಕೊಳೆ. ಬಿಳಿಚಿಕೊಂಡಿದ್ದರೆ ಪೆಟ್ರೋಲಿನ ಪಾಲು ಕಡಮೆಯಾಗಿ ಎಂಜಿನ್ ಅತಿಯಾಗಿ ಕಾಯುತ್ತಿದೆ. ಆಗ ಯಂತ್ರವನ್ನು ನಡೆಸದೆ ಬಲ್ಲವರಿಗೆ ತೋರಿಸತಕ್ಕದ್ದು. ಪ್ಲಗ್ಗಿನ ಎರಡು ತುದಿಗಳ ನಡುವಣ ಸಂದು ಸಾಮಾನ್ಯವಾಗಿ ಅರ್ಧ ಮಿಲ್ಲಿಮೀಟರು ಇರಬೇಕು.

೬. ಹಲ್ಲಿಗೆ ಅರ ಹಾಕುವುದು

ಮನೆಯ ಕಮ್ಮಟದಲ್ಲಿ ಕಲಿಯತಕ್ಕ ವಿದ್ಯೆಗಳಲ್ಲಿ ಇದೇ ಮುಖ್ಯವಾದುದು. ಹರಿತವಾದ ಸರಪಣಿಯು ತನ್ನ ಭಾರದಿಂದಲೇ ಮರದೊಳಗೆ ಇಳಿದು, ಅವಲಕ್ಕಿಯಂತಹ ದಪ್ಪ ಚಕ್ಕೆಗಳನ್ನು ಉಗುಳುತ್ತದೆ. ಮೊಂಡಾದ ಸರಪಣಿಯಿಂದ ಹಿಟ್ಟಿನಂತಹ ಹುಡಿ ಬರುತ್ತದೆ, ಕೊಯ್ಯುವವನು ಒತ್ತಬೇಕಾಗುತ್ತದೆ, ಮರದಿಂದ ಹೊಗೆ ಏಳುತ್ತದೆ. ಒತ್ತಿದಷ್ಟೂ ತೋಳು ಸೋಲುತ್ತದೆ. ಸೋತ ತೋಳಿನಿಂದಲೇ ಗರಗಸ ಜಾರುತ್ತದೆ. ಆದುದರಿಂದ ಮೊಂಡು ಗರಗಸವು ಹರಿತವಾದ ಗರಗಸಕ್ಕಿಂತ ಹೆಚ್ಚು ಅಪಾಯಕರ.

ಪ್ರತಿಯೊಂದು ಹಲ್ಲಿನಲ್ಲಿಯೂ ಎರಡು ಅಂಗಗಳಿವೆ. ಹಿಂದೆ ಇರುವುದು ಕೊಯ್ಯುವ ಅಲಗು. ಮುಂದೆ ಇರುವ ಗುಬ್ಬಿ ಆಳಸೂಚಕ. ಅಲಗಿಗಿಂತ ಆಳಸೂಚಕವು ಎಷ್ಟು ತಗ್ಗಾಗಿದೆಯೋ ಅಷ್ಟೇ ದಪ್ಪದ ಚಕ್ಕೆಯನ್ನು ಹಲ್ಲು ಕೀಳುತ್ತದೆ. ಬಡಗಿಯ ಉಜ್ಜುಗೊರಡಿನಲ್ಲಿ ಉಳಿಯ ತುದಿಯು ಮರದ ಮೈಯಿಂದ ಎಷ್ಟು ಹೊರಗಿಣುಕುವುದೋ ಅಷ್ಟೇ ದಪ್ಪದ ಸಿಪ್ಪೆ ಬರುವುದನ್ನು ನೀವು ಬಲ್ಲಿರಿ. ಇದೂ ಹಾಗೆಯೇ.

ಅರದ ಗಾತ್ರವು ಸರಪಣಿಯ ಪಿಚ್ಚನ್ನು ಅನುಸರಿಸುತ್ತದೆ. ೩/೮ ಅಂಗುಲದ ಕಿರುಜಾತಿಯ ಸರಪಣಿಗೆ ೪ ಮಿಲ್ಲಿಮೀಟರಿನ ಅರ, ೦.೩೨೫ ಅಂಗುಲದ್ದಕ್ಕೆ ೪.೮ ಮಿಲ್ಲಿಮೀಟರು, ೩/೮ ಅಂಗುಲದ ಹಿರಿಜಾತಿಗೆ ೫.೨ ಅಥವಾ ೫.೫ ಮಿಲ್ಲಿಮೀಟರು ಎಂಬುದು ವಾಡಿಕೆ. ಇನ್ನು ಕ್ರಮವನ್ನು ಹೇಳುತ್ತೇವೆ.

(೧) ಪ್ಲಗ್ಗಿನ ತಂತಿಯನ್ನು ಕೀಳಿರಿ. ಬಾರನ್ನು ವೈಸಿನಲ್ಲಿ ಬಿಗಿಯಿರಿ. ಕೈಗವಸು ತೊಡಿರಿ.

(೨) ಸರಪಣಿಯ ಎಲ್ಲ ಹಲ್ಲುಗಳನ್ನು ನೋಡಿ, ಅತ್ಯಂತ ಗಿಡ್ಡವಾದ ಹಲ್ಲನ್ನು ಹುಡುಕಿ ಸೀಮೆಸುಣ್ಣದಿಂದ ಗುರುತಿಸಿರಿ. ಉಳಿದವುಗಳನ್ನು ಇದರ ಉದ್ದಕ್ಕೆ ತರಬೇಕು.

(೩) ಹಲ್ಲಿನ ಬಾಗಿದ ಒಳಮೈಯಲ್ಲಿ ಅರವನ್ನು ಕೂರಿಸಿ, ಅದರ ದಪ್ಪದ ಐದನೆಯ ಒಂದು ಪಾಲು ಹಲ್ಲಿನ ನೆತ್ತಿಗಿಂತ ಮೇಲಿರುವಂತೆ ಹಿಡಿಯಿರಿ. ಬಾರಿಗೆ ಅಡ್ಡಲಾದ ನೇರದಿಂದ ೩೦ ಡಿಗ್ರಿ ಓರೆ ಸಾಮಾನ್ಯ ಸರಪಣಿಗಳಿಗೆ ಸರಿ. ಬಹುಪಾಲು ಹಲ್ಲುಗಳ ನೆತ್ತಿಯ ಮೇಲೆ ಈ ಓರೆಯ ಗೆರೆಯನ್ನು ಕೊರೆದೇ ಇರುತ್ತಾರೆ.

(೪) ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿನಲ್ಲಿ ತಳ್ಳಿರಿ. ಹಿಂದೆ ತರುವಾಗ ಅರವನ್ನು ಎತ್ತಿಕೊಳ್ಳಿರಿ. ಹಿಂದಕ್ಕೆ ಉಜ್ಜಿದರೆ ಅರವೇ ಮೊಂಡಾಗುವುದು. ಪ್ರತಿ ಹಲ್ಲಿಗೂ ಎರಡೋ ಮೂರೋ ಎಳೆತ, ಎಲ್ಲಕ್ಕೂ ಸಮವಾಗಿ.

(೫) ಒಂದು ಪಕ್ಕದ ಹಲ್ಲುಗಳು ಮುಗಿದ ಮೇಲೆ ಇನ್ನೊಂದು ಪಕ್ಕಕ್ಕೆ ಬನ್ನಿರಿ. ಎಡದ ಹಲ್ಲುಗಳು ಉದ್ದ, ಬಲದವು ಗಿಡ್ಡ ಎಂದಾದರೆ ಗರಗಸವು ನೇರವಾಗಿ ಹೋಗದೆ ಒಂದು ಕಡೆಗೆ ಬಾಗಿ ಕೊಯ್ಯುತ್ತದೆ.

(೬) ಮೂರು ನಾಲ್ಕು ಸಲ ಅರ ಹಾಕಿದ ಬಳಿಕ ಆಳಸೂಚಕವನ್ನು ತಗಡಿನಿಂದ ಅಳೆಯಿರಿ. ಸಾಮಾನ್ಯವಾಗಿ ಅದು ಅಲಗಿಗಿಂತ ೦.೬೫ ಮಿಲ್ಲಿಮೀಟರು ತಗ್ಗಾಗಿರಬೇಕು. ಎತ್ತರವಾಗಿದ್ದರೆ ಚಪ್ಪಟೆ ಅರದಿಂದ ಇಳಿಸಿ, ಮುಂದಿನ ಮೂಲೆಯನ್ನು ಉರುಟುಮಾಡಿರಿ. ಬೇಗ ಕೊಯ್ಯುವ ಆಸೆಯಿಂದ ಮಿತಿಮೀರಿ ತಗ್ಗಿಸಿದರೆ ಹಲ್ಲು ಮರವನ್ನು ಕಚ್ಚಿ ಗರಗಸವು ಒದೆಯುತ್ತದೆ.

ಅರ ಹಾಕಿ ಹಾಕಿ ಅಲಗಿನ ಉದ್ದ ೪ ಮಿಲ್ಲಿಮೀಟರಿಗೆ ಇಳಿದಾಗ ಆ ಸರಪಣಿಯ ಆಯುಷ್ಯ ತೀರಿತೆಂದು ತಿಳಿಯಬೇಕು. ಸೀಳು ಬಿಟ್ಟ ಕೊಂಡಿಯಾಗಲಿ ಸಡಿಲವಾದ ರಿವೆಟಾಗಲಿ ಕಂಡರೆ ಒಡನೆಯೇ ಬಿಸುಡತಕ್ಕದ್ದು. ಮರದಲ್ಲಿ ಹುದುಗಿದ ಮೊಳೆ, ಬೇಲಿಯ ತಂತಿ, ಬುಡಕ್ಕೆ ಮೆತ್ತಿದ ಮಣ್ಣು ಇವು ಹಲ್ಲಿನ ಶತ್ರುಗಳು. ಒಂದು ಸಲ ನೆಲಕ್ಕೆ ತಗುಲಿದರೆ ಅರ್ಧ ಗಂಟೆಯ ಅರದ ಕೆಲಸವು ಮಣ್ಣುಪಾಲು.

೭. ಬಾರ್, ಬಿಗುವು, ಎಣ್ಣೆ

ಸರಪಣಿಯ ಬಿಗುವನ್ನು ತಣಿದಾಗಲೇ ನೋಡಬೇಕು. ಬಾರಿನ ನಟ್ಟುಗಳನ್ನು ಸಡಿಲಿಸಿ, ಬಾರಿನ ಮೂತಿಯನ್ನು ಮೇಲಕ್ಕೆತ್ತಿ ಹಿಡಿದು, ಬಿಗುವಿನ ತಿರುಪನ್ನು ತಿರುಗಿಸಿ, ಮೂತಿಯನ್ನು ಎತ್ತಿ ಹಿಡಿದಂತೆಯೇ ನಟ್ಟುಗಳನ್ನು ಬಿಗಿಯತಕ್ಕದ್ದು. ಸರಪಣಿಯು ಕೆಳಗಡೆ ಜೋತುಬೀಳಕೂಡದು. ಆದರೆ ಗವಸು ತೊಟ್ಟ ಕೈಯಿಂದ ಎಳೆದರೆ ಸಲೀಸಾಗಿ ಜರುಗಬೇಕು. ಕೆಲಸ ಮಾಡುವಾಗ ಕಾದು ಹಿಗ್ಗಿದ ಸರಪಣಿಯನ್ನು ಬಿಗಿದಿದ್ದರೆ, ಕೆಲಸ ಮುಗಿದೊಡನೆ ಸಡಿಲಿಸಬೇಕು. ಇಲ್ಲದಿದ್ದರೆ ಅದು ತಣಿದು ಕುಗ್ಗಿ ಎಂಜಿನಿನ ಅಚ್ಚನ್ನೂ ಬೇರಿಂಗುಗಳನ್ನೂ ಜಗ್ಗುತ್ತದೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟವನ್ನು ಕಾಯಿಸಿ ತೊಡಿಸುತ್ತಿದ್ದುದೂ ಈ ತತ್ತ್ವದಿಂದಲೇ.

ಬಾರಿನ ಅಂಚುಗಳು ಸವೆಯುತ್ತವೆ. ಆಗಾಗ್ಗೆ ಅದನ್ನು ತಲೆಕೆಳಗು ಮಾಡಿ ಕೂಡಿಸಿದರೆ ಎರಡೂ ಅಂಚುಗಳು ಸಮನಾಗಿ ಸವೆದು ಬಾಳಿಕೆ ಹೆಚ್ಚುತ್ತದೆ. ನಡುವಣ ಕಾಲುವೆಯಲ್ಲಿ ಎಣ್ಣೆಯೂ ಹುಡಿಯೂ ಹಲಸಿನ ಮೇಣವೂ ಸೇರಿ ಕಟ್ಟಿದ ಗಸಿಯನ್ನು ತೆಳುವಾದ ತಗಡಿನಿಂದ ಕೆರೆದು, ಎಣ್ಣೆಯ ತೂತನ್ನು ಬಿಡಿಸಬೇಕು. ಅಂಚಿನಲ್ಲಿ ಎದ್ದ ಮುಳ್ಳನ್ನು ಚಪ್ಪಟೆ ಅರದಿಂದ ಸವರಬೇಕು. ಸರಪಣಿಯ ಹಲ್ಲಿನ ಪಕ್ಕಕ್ಕೂ ಬಾರಿನ ಪಕ್ಕಕ್ಕೂ ಸೇರುವಂತೆ ಒಂದು ಅಳತೆಪಟ್ಟಿಯನ್ನು ಆನಿಸಿ ನೋಡಿರಿ. ಪಟ್ಟಿಗೂ ಬಾರಿಗೂ ನಡುವೆ ಸಂದು ಕಂಡರೆ ಬಾರು ಚೆನ್ನಾಗಿದೆ. ಸಂದಿಲ್ಲದೆ ಸರಪಣಿಯು ವಾಲಿದರೆ ಕಾಲುವೆ ಅಗಲವಾಗಿದೆ, ಬಾರು ಸವೆದಿದೆ ಎಂದು ಅರ್ಥ. ಎರಡು ಸರಪಣಿಗಳು ಸವೆಯುವಷ್ಟರಲ್ಲಿ ಸ್ಪ್ರಾಕೆಟಿನ ಹಲ್ಲುಗಳನ್ನೂ ಪರೀಕ್ಷಿಸಬೇಕು. ಸವೆದ ಗಾಲಿಯು ಹೊಸ ಸರಪಣಿಯನ್ನು ಬೇಗ ಕೆಡಿಸುತ್ತದೆ.

ಸರಪಣಿಗೆ ಬೇಕಾದ ಎಣ್ಣೆಯು ಬೇರೆ ತೊಟ್ಟಿಯಲ್ಲಿರುತ್ತದೆ. ಪೆಟ್ರೋಲು ತುಂಬಿದಾಗಲೆಲ್ಲ ಇದನ್ನೂ ತುಂಬಬೇಕು. ಮೋಟಾರಿನಿಂದ ಇಳಿಸಿದ ಕರಿ ಎಣ್ಣೆಯನ್ನು ಹೊಯ್ಯುವ ಪದ್ಧತಿಯು ಹಲವೆಡೆ ಇದೆ. ಅದು ಮಿತವ್ಯಯವಲ್ಲ. ಅದರಲ್ಲಿ ಲೋಹದ ಕಣಗಳಿರುವುದರಿಂದ ಎಣ್ಣೆಯ ಪಂಪು ಸವೆಯುತ್ತದೆ. ಚರ್ಮಕ್ಕೆ ಮತ್ತೆ ಮತ್ತೆ ತಗುಲಿದರೆ ರೋಗಕ್ಕೆ ಕಾರಣವಾಗುತ್ತದೆ. ತೋಟದ ನೆಲವೂ ಕೆಡುತ್ತದೆ. ಎಣ್ಣೆ ಬರುತ್ತಿದೆಯೇ ಎಂದು ನೋಡಲು ಬಲ್ಲವರು ಗರಗಸದ ಮೂತಿಯನ್ನು ಹೊಸದಾಗಿ ಕೊಯ್ದ ಬಿಳಿ ಕೊರಡಿನ ಮುಂದೆ ಸ್ವಲ್ಪ ದೂರದಲ್ಲಿ ಹಿಡಿದು ವೇಗ ಹೆಚ್ಚಿಸುತ್ತಾರೆ. ಕೊರಡಿನ ಮೇಲೆ ಎಣ್ಣೆಯ ಗೆರೆ ಮೂಡಿದರೆ ಸರಿ.

೮. ರೋಗವೂ ಚಿಕಿತ್ಸೆಯೂ

ಎಂಜಿನ್ ಏಳದಿದ್ದರೆ ಹಗ್ಗವನ್ನು ಎಳೆಯುತ್ತಲೇ ಇರುವುದು ವಿವೇಕವಲ್ಲ. ಪ್ಲಗ್ಗನ್ನು ಬಿಚ್ಚಿ ನೋಡಿರಿ. ಒದ್ದೆಯಾಗಿದ್ದರೆ ಪೆಟ್ರೋಲು ಅತಿಯಾಗಿ ನುಗ್ಗಿದೆ: ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಒಣಗಿಸಿ, ಚೋಕನ್ನು ತೆರೆದು, ಪ್ಲಗ್ಗಿಲ್ಲದೆಯೇ ಐದಾರು ಸಲ ಹಗ್ಗ ಎಳೆದು ಹೆಚ್ಚಿನದನ್ನು ಹೊರಗೆಡವಿ ಮತ್ತೆ ಕೂಡಿಸಿರಿ. ಒಣಗಿದ್ದರೆ ಪೆಟ್ರೋಲು ತಲಪಿಲ್ಲ: ತೊಟ್ಟಿಯೊಳಗಿನ ಸೋಸುಕವನ್ನೂ ನಳಿಗೆಯನ್ನೂ ನೋಡಿರಿ. ಪೆಟ್ರೋಲು ಬಂದಿದ್ದೂ ಏಳದಿದ್ದರೆ ಪ್ಲಗ್ಗನ್ನು ಬದಲಿಸಿ ನೋಡಿರಿ. ಹೀಗೆ ಒಂದೊಂದನ್ನೇ ಪರೀಕ್ಷಿಸಿ ಬಿಟ್ಟುಕೊಡುತ್ತ ಹೋಗುವುದೇ ವಿಜ್ಞಾನದ ಮಾರ್ಗ. ಒಮ್ಮೆಲೇ ಎಲ್ಲವನ್ನೂ ಬಿಚ್ಚಿದವನಿಗೆ ದೋಷವೂ ತಿಳಿಯದು, ಪರಿಹಾರವೂ ತಿಳಿಯದು.

ಎಂಜಿನ್ ನಿಧಾನವಾಗಿ ತಿರುಗುವಾಗಲೂ ಸರಪಣಿ ಓಡುತ್ತಿದ್ದರೆ ಅದು ಬಹಳ ಅಪಾಯದ ಚಿಹ್ನೆ. ನಿಧಾನದ ವೇಗ ಹೆಚ್ಚಾಗಿರಬೇಕು, ಇಲ್ಲವೆ ಕ್ಲಚ್ಚಿನ ಸ್ಪ್ರಿಂಗು ಮುರಿದಿರಬೇಕು. ಸರಿಪಡಿಸದೆ ಅಂತಹ ಗರಗಸವನ್ನು ಮುಟ್ಟಕೂಡದು. ಪೂರ್ಣ ವೇಗದ ಪೆಟ್ರೋಲನ್ನು ತಿದ್ದುವ ಕಾರ್ಬ್ಯುರೇಟರಿನ ತಿರುಪು, ಪಿಸ್ಟನ್ನಿನ ಬಳೆ, ಅಚ್ಚಿನ ಬೇರಿಂಗು, ಇವು ಮನೆಯ ಕಮ್ಮಟದ ಎಲ್ಲೆಯನ್ನು ಮೀರಿದವು. ತನ್ನ ವಿದ್ಯೆಯ ಎಲ್ಲೆಯನ್ನು ಅರಿಯುವುದೂ ಒಂದು ವಿದ್ಯೆಯೇ.

೯. ಹಿಂದೊದೆತ

ಬಾರಿನ ಮೂತಿಯ ಮೇಲ್ಪಾಲು ಮರಕ್ಕೋ ಕೊಂಬೆಗೋ ತಗುಲಿದರೆ, ಕೊಯ್ಯಲು ಎಡೆಯಿಲ್ಲದ ಸರಪಣಿಯ ಬಲವೆಲ್ಲ ತಿರುಗಿ ಗರಗಸವನ್ನೇ ಮೇಲಕ್ಕೂ ಹಿಂದಕ್ಕೂ, ಅಂದರೆ ಕೊಯ್ಯುವವನ ಮುಖದ ಕಡೆಗೆ ಎಸೆಯುತ್ತದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಎಂಬ ನ್ಯೂಟನ್ನನ ನಿಯಮವನ್ನು ಇಷ್ಟು ಕ್ರೂರವಾಗಿ ಕಲಿಸುವ ಉಪಾಧ್ಯಾಯ ಇನ್ನೊಬ್ಬನಿಲ್ಲ. ಇದನ್ನು ತಡೆಯಲೆಂದೇ ೧೯೭೦ರ ದಶಕದಲ್ಲಿ ಸರಪಣಿಯ ತಡೆಗಳು ಪ್ರಚಾರಕ್ಕೆ ಬಂದುವು. ಮುಂದಿನ ಹಿಡಿಯ ಎದುರಿಗಿರುವ ಕಾವಲನ್ನು ಮುಂದಕ್ಕೆ ತಳ್ಳಿದೊಡನೆ ಒಂದು ಉಕ್ಕಿನ ಪಟ್ಟಿಯು ಕ್ಲಚ್ಚಿನ ಡೋಲನ್ನು ಬಿಗಿಹಿಡಿದು ಕ್ಷಣಾರ್ಧದಲ್ಲಿ ಸರಪಣಿಯನ್ನು ನಿಲ್ಲಿಸುತ್ತದೆ. ಈ ತಡೆಯ ಸುತ್ತಲಿನ ಹುಡಿಯನ್ನು ಶುಚಿಗೊಳಿಸಿ, ಪ್ರತಿದಿನವೂ ಕೆಲಸಕ್ಕೆ ಮೊದಲು ಅದು ಹಿಡಿಯುತ್ತದೆಯೇ ಎಂದು ಪರೀಕ್ಷಿಸತಕ್ಕದ್ದು.

ತಂದೆಯರಲ್ಲಿ ನಮ್ಮದೊಂದು ಕೋರಿಕೆ. ಎರಡೂ ಕೈಗಳಿಂದ, ಎಡಗೈಯ ಹೆಬ್ಬೆರಳು ಹಿಡಿಯನ್ನು ಸುತ್ತುವಂತೆ ಗರಗಸವನ್ನು ಹಿಡಿಯಿರಿ. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯಬೇಡಿರಿ. ಏಣಿಯ ಮೇಲೆ ನಿಂತು ನಡೆಸಬೇಡಿರಿ. ಶಿರಸ್ತ್ರಾಣ, ಕನ್ನಡಕ, ಕಿವಿಯ ಮುಚ್ಚಳ, ಗಟ್ಟಿಯಾದ ಬೂಟು ಇವುಗಳಿಗೆ ಕೊಡುವ ಹಣವು ವೆಚ್ಚವಲ್ಲ. ಸರಪಣಿ ತಗುಲಿದೊಡನೆ ಉದ್ದನೆಯ ನೂಲುಗಳು ಎಳೆದುಬಂದು ಹಲ್ಲುಗಾಲಿಗೆ ಸುತ್ತಿ ಯಂತ್ರವನ್ನೇ ನಿಲ್ಲಿಸುವಂತಹ ಕಾಲುಡುಪುಗಳೂ ಈಗ ದೊರೆಯುತ್ತವೆ. ಲುಂಗಿಯನ್ನು ಮೇಲಕ್ಕೆ ಕಟ್ಟಿ, ಬರಿಗಾಲಿನಲ್ಲಿ, ಪಕ್ಕದಲ್ಲಿ ಮಗುವನ್ನು ನಿಲ್ಲಿಸಿಕೊಂಡು ಮರ ಕೊಯ್ಯುವ ದೃಶ್ಯವು ನಮ್ಮ ಊರುಗಳಲ್ಲಿ ಇನ್ನಾದರೂ ಇಲ್ಲವಾಗಲಿ. ಮಗುವು ತಂದೆಯಿಂದ ಮಾತಿಗಿಂತ ರೀತಿಯನ್ನೇ ಬೇಗ ಕಲಿಯುತ್ತದೆ.

೧೦. ಮಳೆಗಾಲದ ವಿಶ್ರಾಂತಿ

ತಿಂಗಳುಗಟ್ಟಲೆ ಕೆಲಸವಿಲ್ಲದಾಗ ತೊಟ್ಟಿಯ ಪೆಟ್ರೋಲನ್ನು ಬರಿದುಮಾಡಿ, ಬಯಲಿನಲ್ಲಿ ಎಂಜಿನನ್ನು ತಾನಾಗಿ ನಿಲ್ಲುವವರೆಗೆ ನಡೆಸಿ, ಕಾರ್ಬ್ಯುರೇಟರನ್ನು ಒಣಗಿಸಬೇಕು. ಸರಪಣಿಯನ್ನೂ ಬಾರನ್ನೂ ಕಳಚಿ, ತೊಳೆದು ಒರಸಿ, ಎಣ್ಣೆ ಸವರಬೇಕು. ಹಟ್ಟಿಯ ತೇವವೂ ಗೊಬ್ಬರದ ಆವಿಯೂ ತಟ್ಟದ ಎತ್ತರದ ಸ್ಥಳದಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ನವರಾತ್ರಿಯ ಆಯುಧಪೂಜೆಯಂದು ಯಂತ್ರಗಳಿಗೆ ಕುಂಕುಮವನ್ನಿಟ್ಟು ಕೈಮುಗಿಯುವುದು ನಮ್ಮ ಸಂಪ್ರದಾಯ. ಕುಂಕುಮವಿಡುವ ಮುನ್ನ ಸೋಸುಕವನ್ನು ತೊಳೆದು, ಹಲ್ಲಿಗೆ ಅರ ಹಾಕಿ, ತಡೆಯನ್ನು ಪರೀಕ್ಷಿಸುವ ನಿಯಮವನ್ನು ಪ್ರತಿ ಮನೆಯೂ ಇಟ್ಟುಕೊಂಡರೆ ಆ ಪೂಜೆಯು ಸಾರ್ಥಕವಾಗುವುದು.

ಅಭ್ಯಾಸ

೧. ೫೦ಕ್ಕೆ ೧ರಂತೆ, ಎರಡೂವರೆ ಲೀಟರು ಪೆಟ್ರೋಲಿಗೆ ಎಷ್ಟು ಮಿಲ್ಲಿಲೀಟರು ಎಣ್ಣೆ ಬೇಕು?

೨. ಪಿಚ್ಚು ೮.೨೫ ಮಿಲ್ಲಿಮೀಟರು, ಸ್ಪ್ರಾಕೆಟಿನ ಹಲ್ಲು ೭, ವೇಗ ನಿಮಿಷಕ್ಕೆ ೯,೦೦೦ ಸುತ್ತು. ಸರಪಣಿಯು ಸೆಕೆಂಡಿಗೆ ಎಷ್ಟು ಮೀಟರು ಓಡುವುದು?

೩. ಮೊಂಡು ಗರಗಸವು ಹರಿತವಾದ ಗರಗಸಕ್ಕಿಂತ ಅಪಾಯಕರವೆಂಬುದನ್ನು ನಾಲ್ಕು ವಾಕ್ಯಗಳಲ್ಲಿ ಸಮರ್ಥಿಸಿರಿ.

೪. ಕೆಲಸ ಮುಗಿದೊಡನೆ ಸರಪಣಿಯನ್ನು ಸಡಿಲಿಸಬೇಕಾದ ಕಾರಣವೇನು? ಇದೇ ತತ್ತ್ವವು ಕಾಣುವ ಇನ್ನೆರಡು ಉದಾಹರಣೆಗಳನ್ನು ನಿಮ್ಮ ಊರಿನಿಂದ ಕೊಡಿರಿ.

೫. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇರುವ ಯಾವುದಾದರೂ ಒಂದು ಯಂತ್ರವನ್ನು, ಪಂಪಾಗಲಿ ಹೊಲಿಗೆಯ ಯಂತ್ರವಾಗಲಿ, ಹಿರಿಯರ ಎದುರಿನಲ್ಲಿ ನೋಡಿ, ಅದರ ಭಾಗಗಳನ್ನು ಕನ್ನಡದಲ್ಲಿ ವರ್ಣಿಸಿ ಬರೆಯಿರಿ. ಹೆಸರು ತಿಳಿಯದ ಭಾಗಕ್ಕೆ ಅದು ಮಾಡುವ ಕೆಲಸವನ್ನು ನೋಡಿ ನೀವೇ ಒಂದು ಹೆಸರಿಡಿರಿ.